ಇಳಿಸಿ ಎತ್ತುವುದು

ನಮ್ಮೂರಿನ ಹೊಳೆಯಲ್ಲಿ ನೀರಿಲ್ಲ, ಹೊಳೆ ಮಾತ್ರ ಇದೆ. ನೋಡಿದರೆ ಬರೀ ಮರಳು, ಅಲ್ಲಲ್ಲಿ ಜಾಲಿಗಿಡ, ಅದರ ನೆರಳಿಗೆ ಮಲಗಿದ ಎಮ್ಮೆ. ಕಾಲಿಟ್ಟರೆ ಮಾತ್ರ ಹಿಮ್ಮಡಿಗೆ ತಣ್ಣಗೆ ಹತ್ತುತ್ತದೆ. ಮುಂದೆ ಹೋದರೆ ಮೊಣಕಾಲು, ನಟ್ಟನಡುವೆ ಸೊಂಟ. ಸೆಳವೂ ಇರುತ್ತದೆ. ಅದಕ್ಕೇ ನಾವು ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಒಬ್ಬರ ತೋಳು ಒಬ್ಬರು ಹಿಡಿದು ದಾಟುತ್ತೇವೆ. ದಂಡೆ ಹತ್ತಿದ ಮೇಲೆ ಒಣಗಿಯೇ ಇರುವ ಸೆರಗನ್ನು ಹಿಂಡುತ್ತೇವೆ. ಹಿಂಡದಿದ್ದರೆ ಸಂಜೆಗೆ ನೆಗಡಿ ಖಂಡಿತ. ಎರಡೂ ದಂಡೆಗಳಲ್ಲಿ ಶುಂಠಿ ಚಹಾದ ಅಂಗಡಿಗಳಿವೆ, ಟವೆಲ್ ಮಾರುವವರಿದ್ದಾರೆ. ನನ್ನ ಗಂಡ ಗುರುಪಾದನದೂ ಟವೆಲ್ ಅಂಗಡಿಯೇ. ಒಮ್ಮೆ ಸೇತುವೆ ಕಟ್ಟಲೆಂದು ಬಂದ ಇಂಜಿನಿಯರು ಮರಳಿನ ನಡುವೆ ಬೂಟು ಹಾಕಿಕೊಂಡು ನಿಂತು, ನೀರೇ ಇಲ್ಲದ ಕಡೆ ಸೇತುವೆ ಯಾಕ್ರೀ ಎಂದು ನಕ್ಕು ಜೀಪು ಹತ್ತಿದರು. ಅವರದೇನೂ ತಪ್ಪಿಲ್ಲ. ಪರವೂರಿನವರಿಗೆ ಹೊಳೆ ಹತ್ತುವುದಿಲ್ಲ, ಮೈಗೆ ತಾಗುವುದೇ ಇಲ್ಲ. ನಮ್ಮ ಬಾವಿಯ ನೀರು ಕುಡಿದುಕೊಂಡು ಕೆಲವು ತಿಂಗಳು ಇಲ್ಲೇ ಇದ್ದರೆ ಹತ್ತುತ್ತದೆ. ಇದುವರೆಗೆ ಅದರಲ್ಲಿ ಒಬ್ಬರೂ ಮುಳುಗಿದ್ದಿಲ್ಲ.

ಚಿಕ್ಕ ಮಕ್ಕಳಿಗೂ ಹೊಳೆ ಹತ್ತುವುದಿಲ್ಲ. ದೊಡ್ಡವರು ಹಲ್ಲು ಕಚ್ಚಿಕೊಂಡು ಸೊಂಟಮಟ್ಟದಲ್ಲಿ ಹೆಜ್ಜೆ ಎಳೆಯುತ್ತಿದ್ದರೆ ಇವು ಅವರ ಸುತ್ತ ಓಡಿಯಾಡಿ ಮರಳು ಎರಚುತ್ತವೆ. ನಾಲ್ಕು ವರ್ಷದ ಆಸುಪಾಸಿನಲ್ಲಿ ಒಂದು ದಿನ ಮಗು ಆಡುತ್ತ ಆಡುತ್ತ ಕಾಲ್ಬೆರಳು ಮುದುಡಿಕೊಂಡು, ತಣ್ಣಗೆ ಅನ್ನುತ್ತದೆ. ಅಲ್ಲಿಂದ ಮುಂದಿನ ಸಂತೆಯೊಳಗೆ ತಾಯಿ ಅದನ್ನು ಬಗಲಲ್ಲಿ ಎತ್ತಿಕೊಂಡು ಹೊಳೆಯ ನಡುವಿಗೆ ಹೋಗಿ ಇಳಿಸಬೇಕು. ಆಗ ಹೊಳೆ ಮಗುವಿಗೆ ಪೂರ್ತಿ ಹತ್ತುತ್ತದೆ. ಅದು ಕಿರುಚುತ್ತದೆ, ತಾಯಿ ಬಗ್ಗಿ ಎತ್ತಿಕೊಂಡು ತನ್ನ ಮನೆಯ ದಂಡೆಗೆ ನಡೆಯುತ್ತಾಳೆ. ಇದಕ್ಕೆ ನಾವು ಇಳಿಸಿ ಎತ್ತುವುದು ಅನ್ನುತ್ತೇವೆ. ತಾಯಿ ಇಲ್ಲದಿದ್ದರೆ, ಇದ್ದೂ ಕೈಲಾಗದಿದ್ದರೆ, ದೊಡ್ಡವ್ವನೋ ಅತ್ತೆಯೋ ಎತ್ತುತ್ತಾರೆ. ಯಾರು ಎತ್ತಿದರೋ ಅವರ ಮನೆಯೇ ಮಗುವಿನ ಮನೆ. ಇದನ್ನು ಯಾರೂ ಕಾನೂನು ಮಾಡಿಟ್ಟಿಲ್ಲ. ಊರು ಹಾಗೆ ನಡೆದುಕೊಳ್ಳುತ್ತದೆ, ಮಗುವೂ ಹಾಗೇ ನಡೆದುಕೊಳ್ಳುತ್ತದೆ.

ನನ್ನ ಮಗಳು ನಿಂಬೆವ್ವ ನನ್ನ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಳು. ಅಕ್ಕ ಪಾರವ್ವನ ಮನೆ ಆಚೆ ದಂಡೆಯಲ್ಲಿ, ನಮ್ಮದು ಈಚೆ. ಮೊದಲು ನಾನು ಆಚೆ ದಂಡೆಯ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದೆ. ನಾನು ಬಡಿಯುವ ಸಪ್ಪಳ ಕೇಳಿಯೇ ಓಣಿಯವರಿಗೆ ಹಸಿವಾಗುತ್ತಿತ್ತು ಎಂದು ಜಂಬ ಕೊಚ್ಚಿಕೊಂಡರೆ ಸುಳ್ಳೇನಲ್ಲ. ನಿಂಬಿಗೆ ಇನ್ನೂ ಹಲ್ಲು ಮೂಡುತ್ತಿದ್ದ ಕಾಲದಲ್ಲಿ, ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಬಗಲಲ್ಲಿ ಅವಳು, ಹೊಳೆಯ ನಡುವೆ ನನ್ನ ಕಾಲು ಮರಳಲ್ಲಿ ಹೂತು ಹೊರಳಿಬಿಟ್ಟಿತು. ಬುಟ್ಟಿ ಹೋದರೆ ಹೋಗಲಿ ಎಂದು ಮಗುವನ್ನು ಎದೆಗೆ ಅವಚಿಕೊಂಡೆ. ಅವಳಿಗೇನೂ ಆಗಲಿಲ್ಲ. ನನ್ನ ಟೊಂಕ ಹಿಡಿಯಿತು. ಬೆನ್ನಿನ ಬುಡದಲ್ಲಿ ಚಳುಕು ಎದ್ದು ಕಾಲಿಗೆ ಇಳಿಯಿತು. ಮಗು ಕೈತಪ್ಪಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಅಲ್ಲೇ ಎಲ್ಲೋ ಬೆನ್ನಿನಲ್ಲಿ ಹೊಕ್ಕಿರಬೇಕು. ಹೊರಗೆ ಬರಲೇ ಇಲ್ಲ.

ಎಣ್ಣೆ ತಿಕ್ಕಿಸಿದ್ದಾಯಿತು, ಪಟ್ಟಿ ಕಟ್ಟಿದ್ದಾಯಿತು, ಪಟ್ಟಣಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದ್ದಾಯಿತು. ಎಲ್ಲರೂ ಏನೂ ಇಲ್ಲ ಅಂದರು. ನೋವು ಮಾತ್ರ ಇತ್ತು. ಬಗ್ಗಿದರೆ ಬರುತ್ತಿತ್ತು, ಆಮೇಲೆ ಬಗ್ಗಬೇಕು ಅಂದುಕೊಂಡರೇ ಬರತೊಡಗಿತು. ಮನೆಯಲ್ಲಿ ಎಲ್ಲರೂ ಒಳ್ಳೆಯವರು, ಅದೇ ನನ್ನ ಗ್ರಹಚಾರ. ನೆಲಕ್ಕೆ ಬಿದ್ದ ಬಾಚಣಿಗೆಗೆ ನಾನು ಕೈ ಚಾಚಿದರೆ ಅತ್ತೆ ತೋಟವ್ವ ಅಡುಗೆಮನೆಯಿಂದಲೇ ಓಡಿಬರುತ್ತಿದ್ದರು. "ಅಲ್ಲಾಡಬ್ಯಾಡ ಸಾವಂತ್ರೀ, ಇನ್ನೊಂದು ಆಗಿ ಕುಂತೀತು." ಗುರುಪಾದ ಚಹಾದ ಲೋಟವನ್ನೂ ಬಾಯಿಯ ಹತ್ತಿರಕ್ಕೇ ತಂದು ಹಿಡಿಯುತ್ತಿದ್ದ. ಮಗುವನ್ನು ಎತ್ತುವವರು ಬೇಕಲ್ಲ ಎಂದು ಅಕ್ಕ ಕೆಲವು ದಿನದ ಮಟ್ಟಿಗೆ ನಿಂಬಿಯನ್ನು ಕರೆದುಕೊಂಡು ಹೋದಳು. ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಕೆಲವು ದಿನ ಎಂದದ್ದು ವರ್ಷವಾಯಿತು, ಮತ್ತೂ ಒಂದಾಯಿತು.

ಸಂಜೆ ನಾನು ನಮ್ಮ ಮನೆಯ ಕಟ್ಟೆಯ ಮೇಲೆ ದಿಂಬಿಗೆ ಒರಗಿ ಕುಳಿತರೆ ಆಚೆ ದಂಡೆಯಲ್ಲಿ ಅಕ್ಕನ ಮನೆಯ ದೀಪ ಕಾಣುತ್ತಿತ್ತು. ಗಾಳಿ ಈ ಕಡೆ ಇದ್ದರೆ, "ನಿಂಬೀ, ಉಣ್ಣಾಕ ಬಾರವಾ" ಎಂದು ಅಕ್ಕ ಕರೆಯುವುದೂ ಕೇಳುತ್ತಿತ್ತು. ಅವಳು ಉಂಡಳೋ ಇಲ್ಲವೋ, ಯಾರ ತಾಟಿನಲ್ಲಿ ಉಂಡಳು, ಮಲಗುವಾಗ ಯಾರ ಸೆರಗು ಹಿಡಿದುಕೊಂಡಳು ಎಂದು ಕುಳಿತಲ್ಲೇ ಲೆಕ್ಕ ಹಾಕುತ್ತಿದ್ದೆ. ನನ್ನ ತೋಳಿಗೆ ಅವಳ ಭಾರ ಬೇಕಿತ್ತು. ಬೇರೇನನ್ನೂ ನಾನು ಅಷ್ಟು ಬೇಡಿದ್ದಿಲ್ಲ. ಸಂತೆಯ ದಿನ ಅಕ್ಕ ಅವಳನ್ನು ಕರೆತರುತ್ತಿದ್ದಳು. ಅಕ್ಕ ಸೊಂಟಮಟ್ಟದಲ್ಲಿ ಬರುತ್ತಿದ್ದರೆ ನಿಂಬಿ ಒಣಮರಳಿನಲ್ಲಿ ಮುಂದೆ ಮುಂದೆ ಓಡಿಬಂದು ನನ್ನೆದುರು ಗಕ್ಕನೆ ನಿಲ್ಲುತ್ತಿದ್ದಳು. ನನ್ನನ್ನು ಮುಟ್ಟಬಾರದು ಎಂದು ಅವಳಿಗೆ ಕಲಿಸಿದ್ದರು. ಅಕ್ಕನನ್ನು ಅವ್ವ ಅನ್ನುತ್ತಿದ್ದಳು. ನಾನು ಮಕ್ಕೊಂಡ ಅವ್ವ, ಮಲಗಿಕೊಂಡೇ ಇರುವ ಅವ್ವ. ಮಕ್ಕಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತವೆ, ಅದಕ್ಕೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ನಾನು ಅವರು ಹೋದ ಮೇಲೆ ಅಳುತ್ತಿದ್ದೆ.

ಆ ವರ್ಷ ಆಚೆ ದಂಡೆಯ ದವಾಖಾನೆಗೆ ಹೊಸ ಡಾಕ್ಟರ್ ಬಂದರು. ಸುಲೋಚನಾ ಎಂದು, ದೂರದ ಕಡೆಯವರು, ಮೆತ್ತಗೆ ಮಾತಾಡುವವರು. ನಾನು ಹೊಳೆ ದಾಟುವುದಿಲ್ಲ ಎಂದು ತಿಳಿದು ತಾವೇ ಮನೆಗೆ ಬಂದರು. ಊರಿನವರೆಲ್ಲ ಸೀರೆ ಪಂಚೆ ಎತ್ತಿಕೊಂಡು ಒದ್ದಾಡುತ್ತಿರುವಾಗ ಈ ಡಾಕ್ಟರಬಾಯಿ ಚಪ್ಪಲಿ ಹಾಕಿಕೊಂಡು, ಕಿವಿಗೆ ಫೋನ್ ಹಿಡಿದು ಹೊಳೆಯಲ್ಲಿ ಆರಾಮಾಗಿ ನಡೆದುಬಂದರೆ ಜನ ನಿಂತು ನೋಡುತ್ತಿದ್ದರು. ಬಾವಿನೀರು ಕುಡೀಲಿ ತಡಿ ಎಂದು ನಗುತ್ತಿದ್ದರು.

ಅವರು ಎಕ್ಸ್‌ರೇಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು, ನನ್ನ ಬೆನ್ನನ್ನು ಅಲ್ಲಲ್ಲಿ ಒತ್ತಿ, ಕಾಲು ಎತ್ತಿಸಿ ನೋಡಿದರು. "ಸಾವಂತ್ರಮ್ಮ, ಅವತ್ತು ಆದ ಪೆಟ್ಟು ಎಂದೋ ಮಾಗಿದೆ. ನಿಮ್ಮ ಬೆನ್ನು ಗಟ್ಟಿಯಾಗೇ ಇದೆ. ನೋವು ನಿಜ, ನಾನು ಇಲ್ಲ ಅನ್ನಲ್ಲ. ಆದರೆ ಬಗ್ಗಿದರೆ ಏನೋ ಆಗಿಬಿಡುತ್ತೆ ಅಂತ ನಿಮ್ಮ ಮೈ ಹೆದರಿಕೊಂಡು ಕೂತಿದೆ. ಅದಕ್ಕೆ ದಿನಾ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಬೇಕು," ಅಂದರು.

ನನಗೆ ಮೈಯೆಲ್ಲ ಉರಿಯಿತು. "ಹಂಗಾರ ನಾ ಸುಳ್ಳ ಹೇಳ್ತೀನೇನ್ರೀ ಬಾಯಾರ?"

"ಸುಳ್ಳು ಅಂತ ನಾನು ಅನ್ನಲಿಲ್ಲವಲ್ಲ."

"ಅಂದಂಗಽ ಆತು ಬಿಡ್ರಿ," ಎಂದು ಗೋಡೆಯ ಕಡೆ ಹೊರಳಿದೆ. ಅತ್ತೆ ಅವರನ್ನು ಬಾಗಿಲವರೆಗೆ ಕಳಿಸಿ ಬಂದು, ಪಾಪ, ಹುಡುಗಿ, ಏನೂ ತಿಳೀದು ಅಂದರು. ಈ ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಮಾತಾಗಿತ್ತು. ಆದರೂ ಡಾಕ್ಟರು ವಾರಕ್ಕೊಮ್ಮೆ ಬರುವುದನ್ನು ಬಿಡಲಿಲ್ಲ. ಬರುತ್ತಿದ್ದರು, ಅದೇ ಮಾತು ಹೇಳುತ್ತಿದ್ದರು, ಅತ್ತೆಯ ಚಹಾ ಕುಡಿದು ಹೋಗುತ್ತಿದ್ದರು.

ಬಿಸಿಲು ಏರಿದ ಒಂದು ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾಗಿತ್ತು. ಅತ್ತೆ ಒಳಗೆ ಗೊರಕೆ ಹೊಡೆಯುತ್ತಿದ್ದರು, ಗುರುಪಾದ ಸರಕು ತರಲು ಪಟ್ಟಣಕ್ಕೆ ಹೋಗಿದ್ದ. ನಾನು ಕಟ್ಟೆಯ ಮೇಲಿದ್ದೆ. ಆಚೆಯಿಂದ ಡಾಕ್ಟರು ಎಂದಿನಂತೆ ಫೋನಿನಲ್ಲಿ ಮಾತಾಡುತ್ತ ಬರುತ್ತಿದ್ದವರು ಹೊಳೆಯ ನಡುವೆ ಇದ್ದಕ್ಕಿದ್ದಂತೆ ನಿಂತರು. ಬ್ಯಾಗನ್ನು ತಲೆಯ ಮೇಲೆ ಎತ್ತಿ ಹಿಡಿದರು. ಹೊಳೆ ಹತ್ತಿತು ನೋಡು ಎಂದು ನನಗೆ ನಗು ತಡೆಯಲಾಗಲಿಲ್ಲ. ಜೋರಾಗಿಯೇ ನಕ್ಕೆ. ಆಮೇಲೆ ಅವರ ಕೂಗು ಕೇಳಿಸಿತು. "ಯಾರಾದರೂ ಬನ್ನಿ, ಮುಳುಗ್ತಾ ಇದ್ದೀನಿ." ಅಳು ಬೆರೆತ ಕೂಗು. ಸುತ್ತ ಮರಳು, ಮೇಲೆ ಬಿಸಿಲು, ನಡುವೆ ಆ ಹೆಂಗಸು ಕುತ್ತಿಗೆ ಮೇಲೆತ್ತಿ ಉಸಿರಿಗೆ ಒದ್ದಾಡುತ್ತಿದ್ದರು. ನನ್ನ ನಗು ನಿಂತಿತು.

ಮೆಟ್ಟಿಲಿಳಿದು ದಂಡೆಗೆ ಬಂದು ನಿಂತೆ. "ಮುಳುಗಸೂದಿಲ್ರೀ ಅದು. ಥಂಡಿ ಖರೇ, ಸೆಳವು ಖರೇ, ಆದ್ರ ಏನೂ ಮಾಡೂದಿಲ್ಲ. ಕಾಲು ಕಿತ್ತು ಮುಂದ ಇಡ್ರಿ," ಎಂದು ಕೂಗಿದೆ. ಅವರು ಆಗಲ್ಲ ಎಂದು ತಲೆಯಾಡಿಸಿದರು. "ಅಂಜಿಕಿ ಹೋಗಲಿ ಅಂತ ಕಾಯಬ್ಯಾಡ್ರಿ. ಅಂಜ್ಕೋತಽ ಒಂದ ಹೆಜ್ಜಿ ಇಡ್ರಿ." ಅವರ ಕಾಲು ಮರಳು ಬಿಟ್ಟು ಏಳಲಿಲ್ಲ. ಕಡೆಗೆ ನಾನೇ ಹೋಗಿ ಅವರ ಮೊಣಕೈ ಹಿಡಿದೆ. ಹಿಡಿದ ಮೇಲೆ ನೋಡಿಕೊಂಡರೆ ನಾನು ಸೊಂಟಮಟ್ಟ ಹೊಳೆಯಲ್ಲಿದ್ದೆ. ಸೀರೆ ಎತ್ತಿ ಕಚ್ಚೆಯಾಗಿ ಸಿಕ್ಕಿಸಿತ್ತು. ಬಗ್ಗದೆ ಅದು ಆಗುವ ಕೆಲಸವಲ್ಲ. ಬಗ್ಗಿದ್ದು ಯಾವಾಗ ಎಂದು ನನಗೆ ನೆನಪಿರಲಿಲ್ಲ.

ಕಟ್ಟೆಯ ಮೇಲೆ ಟವೆಲ್ ಹೊದ್ದು ಕುಳಿತು ಡಾಕ್ಟರು ಬಹಳ ಹೊತ್ತು ನಡುಗಿದರು. ಶುಂಠಿ ಚಹಾ ಕುಡಿದು, "ನೀರಿಲ್ಲ ಅಂತ ನನಗೆ ಗೊತ್ತು. ಕಣ್ಣಿಗೆ ಮರಳೇ ಕಾಣ್ತಿತ್ತು. ಗೊತ್ತಿದ್ದರೆ ಸಾಕಾಗಲ್ಲ ಅಂತ ಇವತ್ತು ಗೊತ್ತಾಯ್ತು," ಅಂದರು. ಲೋಟ ಕೆಳಗಿಟ್ಟು, "ನಿಮಗೆ ಬಹಳ ಸುಲಭವಾಗಿ ಹೇಳಿಬಿಡ್ತಿದ್ದೆ," ಎಂದೂ ಸೇರಿಸಿದರು. ಅವರು ವಾರ ವಾರ ಹೇಳಿದ್ದನ್ನು ನಾನೇ ಅವರಿಗೆ ಕೂಗಿ ಹೇಳಿದ್ದೆನಲ್ಲ, ಅದು ನನಗೆ ಹೊಳೆದಿತ್ತು. ಹೊಳೆದದ್ದಕ್ಕೆ ಸಂತೋಷವಾಯಿತು ಅಂದುಕೊಳ್ಳಬೇಡಿ, ರೇಗಿತು. ಇಷ್ಟು ವರ್ಷ ಅತ್ತದ್ದು, ಮಗಳನ್ನು ಬಿಟ್ಟುಕೊಟ್ಟದ್ದು ಎಲ್ಲ ಏನಾದ ಹಾಗಾಯಿತು? ಅದೂ ಅಲ್ಲದೆ ಸಂಜೆಯ ಹೊತ್ತಿಗೆ ಚಳುಕು ಕಾಲಿನವರೆಗೆ ಇಳಿದು ನಾನು ಹಾಸಿಗೆ ಹಿಡಿದೆ. "ನೋಡಿದಿ? ನಾ ಹೇಳಿದ್ದಿಲ್ಲ?" ಎಂದು ಅತ್ತೆ ಬಿಸಿ ಉಪ್ಪಿನ ಗಂಟು ಇಡುತ್ತ ಗೊಣಗಿದರು. ಆದರೆ ಬೆನ್ನು ಮುರಿದಿರಲಿಲ್ಲ. ಎದ್ದು ಓಡಾಡತೊಡಗಿದಾಗ, ಅದು ಹಿಂದೆಯೂ ಮುರಿದಿರಲಿಲ್ಲವಲ್ಲ ಎಂದು ಮೊದಲ ಬಾರಿಗೆ ಅನ್ನಿಸಿತು.

ಡಾಕ್ಟರು ಮಾತ್ರ ಈಗ ದಾಟಲು ಹೆದರುತ್ತಿದ್ದರು. ದಿನಾ ಬೆಳಗ್ಗೆ ಆಚೆ ದಂಡೆಯಲ್ಲಿ ಅವರು, ಈಚೆ ದಂಡೆಯಲ್ಲಿ ನಾನು, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಹೊಳೆಗೆ ಇಳಿಯುತ್ತಿದ್ದೆವು. ಅವರು ಹಿಮ್ಮಡಿಮಟ್ಟಕ್ಕೆ ಬಂದು ಓಡಿಹೋಗುತ್ತಿದ್ದರು. ನಾನು ಬಗ್ಗಿ ಒಂದು ಹಿಡಿ ಮರಳು ಎತ್ತಿ ಬಿಡುತ್ತಿದ್ದೆ. ಚಹಾದಂಗಡಿಯವರಿಗೆ ಇದೊಂದು ಪುಕ್ಕಟೆ ನಾಟಕವಾಯಿತು. ನಡುವಿನಲ್ಲಿ ಭೇಟಿಯಾಗುವ ಹೊತ್ತಿಗೆ ಜಾಲಿಗಿಡ ಹಳದಿ ಹೂ ಬಿಟ್ಟಿತ್ತು. ಮನೆಯಲ್ಲಿ ತಂಬಿಗೆ ಎತ್ತಿದೆ, ಆಮೇಲೆ ಕೊಡ. ಒಂದು ದಿನ ಸಂತೆಯಿಂದ ಬಂದ ದೊಡ್ಡ ಕುಂಬಳಕಾಯಿಯನ್ನು ಬಗಲಲ್ಲಿ ಕೂರಿಸಿಕೊಂಡು ಅಂಗಳ ಸುತ್ತಿದೆ. ಅತ್ತೆ ನೋಡಲಾರದೆ ಕಣ್ಣು ಮುಚ್ಚಿಕೊಂಡರು. ಮಾರನೆಯ ದಿನ ಅವರೇ ಅದರ ತಲೆಗೆ ನಿಂಬಿಯ ಹಳೆಯ ಕುಲಾಯಿ ತೊಡಿಸಿ, "ಥಂಡಿ ಆದೀತು, ಕೂಸಿಗೆ," ಅಂದರು. ಆ ಮನೆಯಲ್ಲಿ ಬಹಳ ಕಾಲದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಕ್ಕರೂ ನೋಯುತ್ತಿತ್ತು. ಕೆಲವು ದಿನ ಏನೂ ಮಾಡದಿದ್ದರೂ ನೋಯುತ್ತಿತ್ತು. ಇವತ್ತು ಕುಂಬಳಕಾಯಿ ಎತ್ತಿದವಳಿಗೆ ನಾಳೆ ಬಾಚಣಿಗೆ ಎತ್ತಲಾಗುತ್ತಿರಲಿಲ್ಲ. ಅಂಥ ದಿನ ಕಟ್ಟೆಯ ಮೇಲೆ ಕುಳಿತು ಆಚೆಯ ದೀಪ ನೋಡುವಾಗ ಆಸೆ ಪಡುವುದೇ ಒಂದು ಶಿಕ್ಷೆಯಂತಿತ್ತು. ಆಸೆ ಇಲ್ಲದಾಗ ಇಷ್ಟು ಸಂಕಟವಿರಲಿಲ್ಲ.

ಹೀಗಿರುವಾಗ ಅಕ್ಕ ಒಬ್ಬಳೇ ಬಂದಳು. ಸೆರಗು ಹಿಂಡಿ, ನನ್ನ ಪಕ್ಕ ಕುಳಿತು, ಸ್ವಲ್ಪ ಹೊತ್ತು ತನ್ನ ಬಳೆಗಳನ್ನು ತಿರುಗಿಸಿದಳು. "ನಿನ್ನೆ ಮಳಲಾಗ ಆಡಾಕತ್ತಿದ್ಳು. ಕಾಲು ತಣ್ಣಗ ಅಂದ್ಳು, ಸಾವಂತ್ರಿ."

ಮುಂದಿನ ಸಂತೆಯೊಳಗೆ ಇಳಿಸಿ ಎತ್ತುವುದು ಆಗಬೇಕು.

"ನೀ ದಂಡಿ ಮ್ಯಾಲೆ ಕುಂತ್ ನೋಡು, ನಾ ಎತ್ತತೀನಿ," ಅಂದಳು ಅಕ್ಕ. "ಎಲ್ಲಿದ್ರೂ ನಿನ್ನ ಮಗಳಽ ಅಲ್ಲೇನು." ಅವಳ ದನಿಯಲ್ಲಿ ಮೋಸವಿರಲಿಲ್ಲ. ನನ್ನ ಬೆನ್ನಿನ ಬಗ್ಗೆ ನಿಜವಾಗಿ ಕನಿಕರವಿತ್ತು, ಆ ಕನಿಕರದ ಅಡಿಯಲ್ಲಿ ಬೇರೊಂದು ಆಸೆಯೂ ಇತ್ತು. ನನಗೆ ಅದು ಕಂಡಿತು, ಏಕೆಂದರೆ ಅಂಥದೇ ಆಸೆ ನನಗೂ ಇತ್ತು. ಒಂದೇ ಕೂಸಿನ ಮೇಲೆ.

"ಅಕ್ಕಾ, ನನಗ ಒಮ್ಮೆ ಎತ್ತಾಕ ಕೊಡು," ಅಂದೆ.

"ನಡುವ ಟೊಂಕ ಹಿಡೀತು ಅಂದ್ರ?"

"ಹಿಡೀಲಿ."

"ಕೂಸು ಕೈಯಾಗಿಂದ ಬಿತ್ತು ಅಂದ್ರ, ಸಾವಂತ್ರಿ?"

ಅಷ್ಟೂ ವರ್ಷ ನನ್ನ ಬೆನ್ನು ಕೇಳುತ್ತಿದ್ದ ಪ್ರಶ್ನೆಯೂ ಅದೇ. "ನೀ ಹಿಂದ ಬಾ. ನನಗ ಆಗಲಿಲ್ಲ ಅಂದ್ರ ನೀನಽ ಎತ್ತಿಕೊ. ಆಮ್ಯಾಲೆ ನಾ ಕೇಳೂದಿಲ್ಲ," ಅಂದೆ. ಅಕ್ಕ ಎದ್ದು, ಆತು ಎಂದು ಹೊಳೆಗೆ ಇಳಿದಳು.

ಎತ್ತುವ ದಿನ ಬೆಳಗ್ಗೆ ಏಳುವಾಗಲೇ ಚಳುಕು ಇತ್ತು. ಗುರುಪಾದ ನನ್ನ ಮುಖ ನೋಡಿ, "ಬ್ಯಾಡ ಬಿಡು," ಅನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ನಾನು ಹೊಳೆ ದಾಟಿ ಆಚೆ ದಂಡೆಗೆ ಹೋದೆ. ಮಗಳನ್ನು ಬಿಟ್ಟುಕೊಟ್ಟ ಮೇಲೆ ಆ ದಂಡೆಗೆ ಕಾಲಿಟ್ಟದ್ದು ಅದೇ ಮೊದಲು. ಅಕ್ಕನ ಬಾಗಿಲಲ್ಲಿ ನಿಂಬಿ ಹೊಸ ಲಂಗ ತೊಟ್ಟು ನಿಂತಿದ್ದಳು. ನಾನು ಕೈ ಚಾಚಿದರೆ ಅವಳು ಅಕ್ಕನ ಮುಖ ನೋಡಿದಳು. "ಹೋಗವಾ," ಎಂದಳು ಅಕ್ಕ. ಅಕ್ಕನೇ ಅವಳನ್ನು ಎತ್ತಿ ನನ್ನ ಬಗಲಿಗೆ ಕೂರಿಸಿದಳು. ಕುಂಬಳಕಾಯಿ ಒಗ್ಗಿದಂತೆ ನನ್ನ ಮಗಳು ಒಗ್ಗಲಿಲ್ಲ. ಕಾಲು ಬಿಗಿ ಮಾಡಿಕೊಂಡು, ನನ್ನಿಂದ ಆಚೆ ವಾಲಿಕೊಂಡು, ಪರಕೀಯಳ ಬಗಲಲ್ಲಿ ಕುಳಿತ ಹಾಗೆ ಕುಳಿತಳು. ಅವಳ ಕೂದಲಿನಿಂದ ಅಕ್ಕನ ಮನೆಯ ಎಣ್ಣೆಯ ವಾಸನೆ ಬರುತ್ತಿತ್ತು.

ಹಿಮ್ಮಡಿ, ಮೊಣಕಾಲು, ತೊಡೆ. ಹಿಂದೆ ಅಕ್ಕ ಬರುತ್ತಿದ್ದಳು. ಎರಡೂ ದಂಡೆಯಲ್ಲಿ ಜನ ನಿಂತಿದ್ದರು. ಡಾಕ್ಟರೂ ಇದ್ದರು, ಚಪ್ಪಲಿ ಕೈಯಲ್ಲಿತ್ತು. ನಡುವಿಗೆ ಬಂದಾಗ ನನ್ನ ಬೆನ್ನು ಕಲ್ಲಾಗಿತ್ತು. ಅದೇ ಜಾಗ, ಅದೇ ಸೆಳವು. ನಿಂಬಿಯನ್ನು ನಿಧಾನವಾಗಿ ಜಾರಿಸಿ ಇಳಿಸಿದೆ. ಅವಳ ಪಾದ ಮರಳಿಗೆ ತಾಗಿತು. ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಹೊಳೆ ಅವಳಿಗೆ ಹತ್ತಿತು, ಎದೆಯವರೆಗೆ ಒಮ್ಮೆಲೇ. ಅಂಥ ಕಿರುಚುವಿಕೆಯನ್ನು ನಾನು ಕೇಳಿರಲಿಲ್ಲ. "ಅವ್ವಾ," ಎಂದು ಕಿರುಚಿದಳು, ನನ್ನನ್ನು ದಾಟಿ, ನನ್ನ ಹಿಂದೆ ನಿಂತವಳ ಕಡೆ ಎರಡೂ ಕೈ ಚಾಚಿದಳು.

ನಾನು ಬಗ್ಗಿದೆ. ಅರ್ಧಕ್ಕೆ ಚಳುಕು ಹೊಡೆಯಿತು, ಕಣ್ಣು ಕತ್ತಲೆ ಬಂದು ಅಲ್ಲೇ ನಿಂತುಬಿಟ್ಟೆ. ಮೇಲೆ ಏಳಲೂ ಆಗದು, ಕೆಳಗೆ ಹೋಗಲೂ ಆಗದು. ಮಗು ಒದ್ದಾಡುತ್ತಿತ್ತು. ಅಕ್ಕ ನನ್ನ ಪಕ್ಕಕ್ಕೆ ಬಂದಳು, ಅವಳ ಕೈಗಳು ನಿಂಬಿಯ ಕಂಕುಳಿನ ಹತ್ತಿರ ಬಂದವು. ಆಗಲಿಲ್ಲ, ಇಷ್ಟೇ ನನ್ನ ಹಣೆಬರಹ ಎಂದುಕೊಂಡೆ. ಆದರೆ ಅಕ್ಕ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. ತೆಗೆದುಕೊಂಡು ಬೆನ್ನ ಹಿಂದೆ ಒಂದರಲ್ಲೊಂದು ಹೆಣೆದು ಕಟ್ಟಿಕೊಂಡಳು. ಮಗು ಅವಳನ್ನೇ ಕರೆಯುತ್ತಿತ್ತು. ಅವಳು ತುಟಿ ಕಚ್ಚಿ, ಕಣ್ಣು ಮುಚ್ಚಿ, ಕಲ್ಲಿನಂತೆ ನಿಂತಳು.

"ಎತ್ತಿಕೊ," ಅಂದಳು. "ಅಂಜಿದ್ರ ಅಂಜು. ಎತ್ತಿಕೊ, ನಮ್ಮವ್ವ."

ಎತ್ತಿಕೊಂಡೆ. ಚಳುಕು ಇತ್ತು, ಕಾಲಿನವರೆಗೂ ಇಳಿಯಿತು, ಅದು ಇಳಿಯುತ್ತಿರುವಾಗಲೇ ನಾನು ಎತ್ತಿಕೊಂಡು ನೆಟ್ಟಗೆ ನಿಂತೆ. ನಿಂಬಿ ನನ್ನ ಕುತ್ತಿಗೆಗೆ ಎರಡೂ ಕೈಯಿಂದ ಬಿಗಿದು ಜೋತುಬಿದ್ದಳು. ಯಾರ ಕುತ್ತಿಗೆ ಎಂದು ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ನಡುಗುವ ಮೈ, ಒದ್ದೆ ಕೆನ್ನೆ, ಆ ಭಾರ. ನಾನು ಈಚೆ ದಂಡೆಯ ಕಡೆ ನಡೆದೆ. ಅಕ್ಕ ನಡುವಿನಲ್ಲೇ ಉಳಿದಳು. ಮೆಟ್ಟಿಲು ಹತ್ತಿ ತಿರುಗಿ ನೋಡಿದಾಗ ಅವಳು ಆಚೆ ದಂಡೆಯಲ್ಲಿ ನಮಗೆ ಬೆನ್ನು ಮಾಡಿ ಸೆರಗು ಹಿಂಡುತ್ತಿದ್ದಳು. ಬಹಳ ಹೊತ್ತು ಹಿಂಡಿದಳು.

ಮಧ್ಯಾಹ್ನ ಅತ್ತೆ ಮಾಡಿದ ಹುಗ್ಗಿಯನ್ನು ನಿಂಬಿ ಉಂಡಳು. ನನ್ನ ಪಕ್ಕದಲ್ಲಿ ಮಲಗಿದಳು ಕೂಡ. ಓಣಿಯವರು ಬಂದು ಅವಳ ಕೈಗೆ ಸಕ್ಕರೆ ಕೊಟ್ಟು, ಇನ್ನು ಇದಽ ನಿನ್ನ ಮನಿ ನೋಡು ಎಂದು ಹೇಳಿ ಹೋದರು. ಸಂಜೆ ಎದ್ದವಳು ಕಟ್ಟೆಯ ಮೇಲೆ ಹೋಗಿ ಕುಳಿತಳು. ಆಚೆ ದಂಡೆಯಲ್ಲಿ ದೀಪ ಹತ್ತಿತು. ಆವತ್ತು ಅಲ್ಲಿಂದ ಉಣ್ಣಲು ಯಾರೂ ಯಾರನ್ನೂ ಕರೆಯಲಿಲ್ಲ. ನಿಂಬಿ ಮೊಣಕಾಲು ಮಡಚಿಕೊಂಡು ಆ ದೀಪವನ್ನೇ ನೋಡುತ್ತ, ಸಪ್ಪಳ ಮಾಡದೆ ಅಳತೊಡಗಿದಳು. ಹಾಗೆ ಅಳುವುದು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಆಕಿ ಕಡೆ ಹೋಗಬೇಕೇನ?" ಎಂದು ಕೇಳಿದೆ. ಹೌದೆಂದು ತಲೆಯಾಡಿಸಿ, ಹೊಳೆಯ ಕಡೆ ನೋಡಿ ಕಾಲು ಒಳಗೆಳೆದುಕೊಂಡಳು. "ಹೊಳಿ ತಣ್ಣಗ ಐತಿ," ಅಂದಳು.

"ಐತಿ," ಅಂದೆ. ಬೆನ್ನು ನೋಯುತ್ತಿತ್ತು. ಅತ್ತೆ ಒಳಗಿನಿಂದ, ಇವತ್ತಿಗೆ ಸಾಕು ಮಾಡು ಎಂದು ಕೂಗಿದರು. ನಾನು ಬಗ್ಗಿ ಮಗಳನ್ನು ಬಗಲಿಗೆ ಎತ್ತಿಕೊಂಡು, ಅಕ್ಕನ ಮನೆಗೆ ಹೋಗಿಬರಲು ಮತ್ತೆ ಹೊಳೆಗೆ ಇಳಿದೆ.